ಅಡ ಇಟ್ಟ ಮಾರ್ಕ್ಸ್‌ಕಾರ್ಡು

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮಾಡುವುದು ಸಾಧ್ಯವೇ ಇಲ್ಲ ಎಂದು ಹೇಳಿದವನು ಅರಸೀಕೆರೆಯ ಒಂದು ಫೈನಾನ್ಸಿನ ವಸೂಲಿಯವನು. ಅದನ್ನೂ ನಮ್ಮ ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದ. "ಕಂತು ಕಟ್ಟಾಕೆ ಗತಿ ಇಲ್ಲ, ಮಗಳು ಬಿ.ಕಾಂ. ಓದ್ತಾಳಂತೆ. ಆಯ್ತದೆ ಆಯ್ತದೆ, ಕಾಯ್ಕೊಂಡಿರಿ" ಎಂದು ನಕ್ಕು ಲೋಟ ಕೆಳಗಿಟ್ಟ. ಆ ಲೋಟ ತೊಳೆದವಳು ನಾನು.

ನಮ್ಮದು ಹಳೇಬೀಡಿನಿಂದ ಹಗರೆ ಕಡೆಗೆ ಹೋಗುವ ಬಸ್ಸಿನಲ್ಲಿ ಇಳಿದು, ಒಳಗೆ ನಡೆಯಬೇಕಾದ ಊರು. ಬಾಡಿಗೆ ಮನೆ. ಜಮೀನು ತಾತನ ಕಾಲಕ್ಕೂ ಇರಲಿಲ್ಲ. ಅಪ್ಪ ಸಾಲದ ಮೇಲೆ ಒಂದು ಲಗೇಜ್ ಆಟೊ ತಂದಿದ್ದ. ಸುತ್ತಲಿನ ತೋಟಗಳ ತೆಂಗಿನಕಾಯಿಯನ್ನು ಅರಸೀಕೆರೆಯ ಮಂಡಿಗೆ ಸಾಗಿಸುತ್ತಿದ್ದ. ಬರಬರುತ್ತಾ ಕಾಯಿ ವ್ಯಾಪಾರಿಗಳೇ ಸ್ವಂತ ಗಾಡಿ ಇಟ್ಟುಕೊಂಡರು. ಬಾಡಿಗೆ ಕಡಿಮೆಯಾಯಿತು, ಕಂತು ನಿಂತಿತು. ಒಂದು ದಿನ ದಾರಿಯಲ್ಲಿ ಫೈನಾನ್ಸಿನವರು ಅಡ್ಡ ಹಾಕಿ ಕಾಯಿಯ ಚೀಲಗಳನ್ನು ರಸ್ತೆ ಬದಿಗೆ ಇಳಿಸಿ ಗಾಡಿ ತೆಗೆದುಕೊಂಡು ಹೋದರು. ಅಪ್ಪ ಕತ್ತಲಾಗುವವರೆಗೆ ಬೇರೆಯವರ ಕಾಯಿಗೆ ಕಾವಲು ಕೂತಿದ್ದ.

ಗಾಡಿಯ ಜೊತೆ ಸಾಲವೂ ಹೋಯಿತು ಅಂದುಕೊಂಡೆವು. ನಮ್ಮಂಥವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಗಾಡಿ ಮಾರಿದ ದುಡ್ಡು ಸಾಲಲಿಲ್ಲ, ಇನ್ನೂ ಬಾಕಿ ಇದೆ ಎಂದು ಆ ವಸೂಲಿಯವನು ಬರತೊಡಗಿದ. ಎಷ್ಟಕ್ಕೆ ಮಾರಿದರು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅವನು ಬರುತ್ತಿದ್ದ ಹೊತ್ತು ಬೆಳಿಗ್ಗೆ, ಬೀದಿಯ ನಲ್ಲಿಯಲ್ಲಿ ನೀರು ಬಿಡುವಾಗ. ನಲ್ಲಿ ನಮ್ಮ ಮನೆಯ ಎದುರಿಗೇ ಇತ್ತು. ಬಿಂದಿಗೆ ಹಿಡಿದ ಹೆಂಗಸರೆಲ್ಲ ಅಲ್ಲೇ ಇರುತ್ತಿದ್ದರು. ಅವನಿಗೆ ಬೇಕಾದದ್ದೂ ಅದೇ. ಮನೆಯೊಳಗೆ ಮೆಲ್ಲಗೆ ಕೇಳಬಹುದಾದ ಮಾತನ್ನು ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಸಾಮಾನು ಜಪ್ತಿ ಮಾಡಿಸ್ತೀನಿ, ಜೈಲಿಗೆ ಕಳಿಸ್ತೀನಿ ಎನ್ನುತ್ತಿದ್ದ. ಒಂದು ದಿನ ಅವ್ವನ ಕೊರಳು ನೋಡಿ, "ಅದಾದ್ರೂ ಐತಲ್ಲ" ಅಂದ. ಅವ್ವ ತಾಳಿಯನ್ನು ಸೆರಗಿನೊಳಗೆ ಹಾಕಿಕೊಂಡಳು. ಆದರೂ ಕಾಫಿ ಕೊಡುವುದು ಬಿಡಲಿಲ್ಲ. ಬಾಗಿಲಿಗೆ ಬಂದವರು ಹಾಗೇ ಹೋಗಬಾರದು ಎನ್ನುವುದು ಅವಳ ಹಟ.

ನಾನು ಪಿಯುಸಿ ಪಾಸಾಗಿ ಬೇಲೂರಿನ ಕಾಲೇಜಿಗೆ ಬಿ.ಕಾಂ. ಸೇರಿದ್ದೆ. ಒರಿಜಿನಲ್ ಮಾರ್ಕ್ಸ್‌ಕಾರ್ಡು ಕೊಡಲು ಸ್ವಲ್ಪ ದಿನ ಅವಕಾಶ ಕೊಟ್ಟಿದ್ದರು. ಒಂದು ಸಂಜೆ ಟ್ರಂಕು ತೆಗೆದು ನೋಡಿದರೆ ಅದು ಇಲ್ಲ.

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಅಲ್ಲಿಲ್ಲ ಕಣವ್ವ. ನಾನೇ ಕೊಟ್ಟೆ."

"ಯಾರಿಗೆ?"

"ಫೈನಾನ್ಸಿನವನಿಗೆ. ಏನಾದ್ರೂ ಒಂದು ಅಡ ಇಡು, ಒಂದಷ್ಟು ದಿನ ಈ ಕಡೆ ಬರಾಕಿಲ್ಲ ಅಂದ. ಚಿನ್ನ ಇದ್ದಿದ್ರೆ ಚಿನ್ನ ಕೊಡ್ತಿದ್ದೆ. ಈ ಮನೇಲಿ ಬೆಲೆ ಬಾಳೋದು ಅಂದ್ರೆ ಅದೊಂದೇ ಅಲ್ವಾ?"

ಸೀಲು ಇರುವ, ಫೋಟೊ ಇರುವ, ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಇಟ್ಟ ಕಾಗದ ನಮ್ಮ ಮನೆಯಲ್ಲಿ ಬೇರೆ ಯಾವುದೂ ಇರಲಿಲ್ಲ. ಒಡವೆ ಅಡ ಇಡುವ ಹಾಗೆ ಅಪ್ಪ ಅದನ್ನು ಇಟ್ಟಿದ್ದ. ನನ್ನ ಓದಿಗೆ ಅಷ್ಟು ಬೆಲೆ ಕಟ್ಟಿದವನು ಆ ಊರಿನಲ್ಲಿ ಅವನೊಬ್ಬನೇ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಬಾಯಿಗೆ ಬಂದ ಹಾಗೆ ಬೈದೆ.

ಕಾಲೇಜಿನ ಆಫೀಸಿನಲ್ಲಿ ವಿಷಯ ಹೇಳಿದೆ. ಅಲ್ಲಿದ್ದ ಕ್ಲರ್ಕು ಕೆಟ್ಟವರಲ್ಲ. "ಕಳೆದುಹೋಗಿದೆ ಅಂತ ಪೊಲೀಸಿಗೆ ಒಂದು ಕಂಪ್ಲೇಂಟ್ ಕೊಟ್ಟು ಡೂಪ್ಲಿಕೇಟಿಗೆ ಹಾಕಮ್ಮ. ತಿಂಗಳ ಕೊನೆಯೊಳಗೆ ಏನೂ ಬರದಿದ್ರೆ ಅಡ್ಮಿಷನ್ ಕ್ಯಾನ್ಸಲ್ ಆಗುತ್ತೆ" ಅಂದರು.

"ಕಳೆದಿಲ್ಲ ಸಾರ್. ಎಲ್ಲಿದೆ ಅಂತ ಗೊತ್ತು."

"ಗೊತ್ತಿದ್ರೆ ಹೋಗಿ ತಗೊಂಡ್ ಬಾ."

ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರು ಹೇಳಿದ್ದೇ ಸರಿ. ನನ್ನದನ್ನು ಕಳೆದಿದೆ ಎಂದು ನಾನೇಕೆ ಸುಳ್ಳು ಬರೆದುಕೊಡಬೇಕು? ಬೇಲೂರಿನ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುತ್ತಾರೆಂದು ಕಾಲೇಜಿನಲ್ಲೇ ಯಾರೋ ಭಾಷಣ ಮಾಡಿದ್ದರು. ನೆಟ್ಟಗೆ ಅಲ್ಲಿಗೆ ಹೋದೆ.

ಅಲ್ಲಿದ್ದ ಲಾಯರು ಒಬ್ಬ ಹೆಂಗಸು. ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು, "ಸಹಿ ಹಾಕಿ ಚೆಕ್ ಏನಾದ್ರೂ ಕೊಟ್ಟಿದ್ದಾರಾ ನಿಮ್ಮಪ್ಪ?"

"ಚೆಕ್‌ಬುಕ್ಕೇ ಇಲ್ಲ ಮೇಡಂ."

"ಒಳ್ಳೇದಾಯ್ತು, ಚೆಕ್ ಬೌನ್ಸ್ ಕೇಸು ಹಾಕೋಕಾಗಲ್ಲ. ಕೈಯಲ್ಲಿ ದುಡ್ಡಿಲ್ಲದೆ ಸಾಲ ಕಟ್ಟಲಾಗದವರನ್ನು ಹಾಗೆಲ್ಲ ಜೈಲಿಗೆ ಹಾಕಲ್ಲ. ಬಾಕಿ ಬೇಕಾದ್ರೆ ಅವರು ಕೋರ್ಟಿಗೆ ಬರಲಿ, ಅದು ಅವರ ಹಕ್ಕು. ಬಾಗಿಲಲ್ಲಿ ಕೂಗಾಡೋದು ಹಕ್ಕಲ್ಲ. ಕೋರ್ಟು ಹೇಳಿದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ತಾಳಿ ಮುಟ್ಟೋ ಹಾಗಿಲ್ಲ. ಇನ್ನೇನಿದೆ ನಿಮ್ಮನೇಲಿ?"

ಯೋಚಿಸಿದೆ. "ಏನೂ ಇಲ್ಲ ಮೇಡಂ."

"ಹಾಗಾದ್ರೆ ಹೆದರೋದು ಯಾಕೆ?" ಎಂದು ನಕ್ಕರು. "ಸಾಲ ಇಲ್ಲ ಅಂತ ಮಾತ್ರ ಹೇಳಬೇಡ. ಇದೆ, ಈಗ ಕೈಲಾಗಲ್ಲ ಅಂತ ಹೇಳು. ಮಾರ್ಕ್ಸ್‌ಕಾರ್ಡು ಇಟ್ಕೊಳ್ಳೋ ಹಕ್ಕು ಅವರಿಗಿಲ್ಲ. ಅವರು ಏನೇ ಹೇಳಿದರೂ ಬರೆದು ಕೊಡಿ ಅನ್ನು."

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಮೈ ಹಗುರಾಗಿತ್ತು. ಏನೂ ಇಲ್ಲದಿರುವುದನ್ನು ಅಷ್ಟು ವರ್ಷ ಬಚ್ಚಿಟ್ಟುಕೊಂಡು ಬದುಕಿದ್ದೆವು. ಅಂದಿನಿಂದ ಅದನ್ನು ಗಟ್ಟಿಯಾಗಿ ಹೇಳುವುದೆಂದು ನಿಶ್ಚಯಿಸಿದೆ.

ಅವನು ಮತ್ತೆ ಬಂದ ಬೆಳಿಗ್ಗೆ ಅವ್ವ ಒಲೆಯ ಕಡೆ ತಿರುಗಿದಳು. "ಇವತ್ತು ಕಾಫಿ ಬ್ಯಾಡ ಕಣವ್ವ" ಎಂದು ತಡೆದೆ. ಅವನು ಗಂಟಲು ಸರಿಮಾಡಿಕೊಳ್ಳುವ ಮೊದಲೇ ನಾನು ಜಗಲಿಗೆ ಬಂದು ನಲ್ಲಿಯ ಕಡೆ ಕೂಗಿದೆ. "ಅತ್ತೆ, ಚಿಕ್ಕವ್ವ, ಎಲ್ಲಾ ಬನ್ನಿ ಇಲ್ಲಿ. ನಮಗೆ ಸಾಲ ಐತೆ. ಆಟೊ ಸಾಲ. ಗಾಡಿ ಕಿತ್ಕೊಂಡು ಹೋಗಿ ಮಾರಿದ ಮೇಲೂ ಐತಂತೆ. ಇವರು ಜಪ್ತಿ ಮಾಡಾಕೆ ಬಂದವ್ರೆ, ನೋಡಿ ಬನ್ನಿ."

ಅವನು ಕೂಗಬೇಕಾದ್ದನ್ನು ನಾನೇ ಕೂಗಿಬಿಟ್ಟಿದ್ದೆ.

"ಬನ್ನಿ ಸಾರ್, ಒಳಗೆ ಬನ್ನಿ" ಎಂದು ಬಾಗಿಲು ಪೂರಾ ತೆರೆದೆ. "ಏನ್ ಬೇಕೋ ಬರ್ಕಳಿ."

ಅವನು ಹೊಸ್ತಿಲಲ್ಲೇ ನಿಂತು ಕತ್ತು ಚಾಚಿದ. "ಟೀವಿ ಐತಲ್ಲ."

"ಓನರ್‌ದು. ಕೆಟ್ಟು ವರ್ಷ ಆಯ್ತು. ರಿಪೇರಿ ಮಾಡ್ಸಿ ಕೊಡ್ತೀರಾ?"

ಹಿಂದಿನಿಂದ ಪಕ್ಕದ ಮನೆಯ ಅಜ್ಜಿ ಬಿಂದಿಗೆ ಸೊಂಟಕ್ಕೆ ಇಟ್ಟುಕೊಂಡೇ ಕೇಳಿದಳು: "ಏನಪ್ಪಾ, ಇವತ್ತು ಕಾಫಿ ಕೊಡ್ನಿಲ್ವಾ? ಅದಕ್ಕೇ ಮಖ ಬಾಡೈತೆ."

ಹೆಂಗಸರೆಲ್ಲ ನಕ್ಕರು. ನಾನು ನಗಲಿಲ್ಲ. ಒಂದು ಹಾಳೆ, ಪೆನ್ನು ಚಾಚಿದೆ. "ನನ್ನ ಮಾರ್ಕ್ಸ್‌ಕಾರ್ಡು ನಿಮ್ಮ ಹತ್ರ ಐತೆ ಅಂತ ಬರೆದು ಸಹಿ ಹಾಕಿ."

"ಅದೆಲ್ಲಾ ಆಫೀಸಲ್ಲಿ ಕೇಳು" ಎಂದು ಬೈಕು ಹತ್ತಿದ.

ಕೇಳಿದೆ. ಮಾರನೆಯ ದಿನವೇ ಅವ್ವನನ್ನು ಕರೆದುಕೊಂಡು ಅರಸೀಕೆರೆಗೆ ಹೋದೆ. ಅಪ್ಪನನ್ನು ಬೇಕೆಂದೇ ಬಿಟ್ಟು ಹೋದೆ. ಎದುರಿನವರು ದನಿ ಎತ್ತರಿಸಿದರೆ ಅವನು ಇನ್ನೇನಾದರೂ ಒಪ್ಪಿಕೊಂಡು ಬರುವವನು.

ಮ್ಯಾನೇಜರು ಮೆತ್ತಗೆ ಮಾತಾಡಿದರು. "ಮಾರ್ಕ್ಸ್‌ಕಾರ್ಡೆಲ್ಲ ನಾವು ಇಟ್ಕೊಳ್ಳಲ್ಲಮ್ಮ. ನಮ್ಮ ರೂಲ್ಸಲ್ಲೇ ಇಲ್ಲ."

"ಇಟ್ಕೊಂಡಿಲ್ಲ ಅಂತ ಬರೆದು ಕೊಡಿ ಸಾರ್. ನಿಮ್ಮವರು ಮನೆಯಿಂದ ತಗೊಂಡು ಹೋದ್ರು ಅಂತ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡ್ತೀನಿ. ಇಟ್ಕೊಂಡಿದ್ದೀವಿ ಅಂತ ಬರೆದ್ರೂ ಪರವಾಗಿಲ್ಲ. ಬೇಲೂರಲ್ಲಿ ಲಾಯರ್ ಮೇಡಂ ಅದನ್ನೇ ಕೇಳಿದ್ದಾರೆ."

ಅವರು ನನ್ನನ್ನು ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ಫೋನು ತೆಗೆದರು. ತುಂಬ ಹೊತ್ತು ಕೂತೆವು. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಆ ವಸೂಲಿಯವನು ಬಂದ. ಯಾರ ಮುಖವನ್ನೂ ನೋಡದೆ ಬೈಕಿನ ಸೀಟಿನಡಿಯಿಂದ ಮಾರ್ಕ್ಸ್‌ಕಾರ್ಡು ತೆಗೆದು ತಂದು ಮೇಜಿನ ಮೇಲೆ ಇಟ್ಟ. ನಾಲ್ಕಾಗಿ ಮಡಚಿದ್ದ.

ಅಷ್ಟು ದಿನ ಅವನ ಮುಂದೆ ತಲೆ ಎತ್ತದಿದ್ದ ಅವ್ವ ಎದ್ದು ನಿಂತಳು. "ಮಡಚಿದ್ದೀಯಲ್ಲೋ! ನಾವು ಮುಟ್ಟೋಕೆ ಮುಂಚೆ ಕೈ ತೊಳೀತಿದ್ವಿ ಕಣೋ ಅದನ್ನ!"

ಆಫೀಸಿನಲ್ಲಿ ಎಲ್ಲರೂ ತಲೆ ಎತ್ತಿದರು. ಮ್ಯಾನೇಜರು, "ಆಯ್ತಮ್ಮ, ಆಯ್ತು. ಬಾಕಿ ಕಥೆ ಏನು ಮತ್ತೆ?" ಅಂದರು.

"ಬಾಕಿ ಇದೆ. ಇಲ್ಲ ಅನ್ನಲ್ಲ" ಎಂದೆ. "ಆಟೊ ಎಷ್ಟಕ್ಕೆ ಮಾರಿದ್ರಿ, ಅದರಲ್ಲಿ ಸಾಲಕ್ಕೆ ಎಷ್ಟು ಹಿಡಿದ್ರಿ, ಲೆಕ್ಕ ಕೊಡಿ. ಅಪ್ಪ ಮಂಡಿಯಲ್ಲಿ ಮೂಟೆ ಹೊರ್ತಾರೆ, ಕೈಲಾದಷ್ಟು ಕಟ್ತಾರೆ, ರಸೀದಿ ಕೊಡಬೇಕು. ಸಾಲದು ಅಂದ್ರೆ ಕೋರ್ಟಿಗೆ ಹೋಗಿ, ನಾವೂ ಬತ್ತೀವಿ. ಮನೆ ಹತ್ರ ಮಾತ್ರ ಯಾರೂ ಬರಬೇಡಿ."

ಇದನ್ನೇ ಬರೆದು ರಿಜಿಸ್ಟರ್ ಪೋಸ್ಟಿನಲ್ಲೂ ಹಾಕಿದೆ. ಲೆಕ್ಕ ಬರಲು ತಿಂಗಳುಗಳೇ ಹಿಡಿದವು. ಬಂದಾಗ, ಅವನು ಬೀದಿಯಲ್ಲಿ ಕೂಗುತ್ತಿದ್ದ ಮೊತ್ತಕ್ಕಿಂತ ಅದು ಬಹಳ ಕಡಿಮೆ ಇತ್ತು. ಹೇಗೆ ಕಡಿಮೆಯಾಯಿತೆಂದು ಅವರು ಹೇಳಲಿಲ್ಲ. ಅಪ್ಪ ಇವತ್ತಿಗೂ ಸ್ವಲ್ಪ ಸ್ವಲ್ಪ ಕಟ್ಟುತ್ತಿದ್ದಾನೆ. ನಾನು ಕೆಲಸಕ್ಕೆ ಸೇರಿದ ಮೇಲೆ ನಾನೂ ಕೊಡುತ್ತೇನೆ. ಅದಕ್ಕೆ ನಾಚಿಕೆಯೇನೂ ಇಲ್ಲ. ಅಂದಿನಿಂದ ವಸೂಲಿಗೆಂದು ಮನೆಗೆ ಯಾರೂ ಬಂದಿಲ್ಲ.

ಮಡಿಕೆಯ ಗೆರೆ ಬಿದ್ದ ಆ ಮಾರ್ಕ್ಸ್‌ಕಾರ್ಡನ್ನೇ ಕಾಲೇಜಿಗೆ ಕೊಟ್ಟೆ. ಮೂರು ವರ್ಷ ಓದಿದೆ. ರಜಾ ದಿನಗಳಲ್ಲಿ ಹಳೇಬೀಡಿನ ಒಂದು ಅಂಗಡಿಯಲ್ಲಿ ಬಿಲ್ಲು ಬರೆದೆ. ಅಕೌಂಟೆನ್ಸಿಯಲ್ಲಿ ಒಮ್ಮೆ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ. ಯಾರ ಶಿಫಾರಸೂ ಇರಲಿಲ್ಲ, ಮನೆಯಲ್ಲಿ ಒಂದು ಪಾಠ ಹೇಳಿಕೊಡುವವರೂ ಇರಲಿಲ್ಲ. ಬಿ.ಕಾಂ. ಆದೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ಬೇಲೂರಿನಿಂದ ಬಸ್ಸಿನಲ್ಲಿ ಎದೆಗೊತ್ತಿಕೊಂಡು ತಂದೆ. ಸೀಟು ಸಿಕ್ಕರೂ ಒರಗಲಿಲ್ಲ. ಅಪ್ಪ ಮಂಡಿಯಿಂದ ಬರುವವರೆಗೆ ಕಾದೆ. ಅವನು ಕೈಕಾಲು ತೊಳೆದು, ಟವೆಲಿನಲ್ಲಿ ಎರಡು ಸಲ ಕೈ ಒರೆಸಿಕೊಂಡ. ಸರ್ಟಿಫಿಕೇಟನ್ನು ಅವನ ಅಂಗೈಯಲ್ಲೇ ಇಟ್ಟೆ. ದೀಪದ ಕೆಳಗೆ ಹಿಡಿದು, ನನ್ನ ಹೆಸರಿನ ಜೊತೆ ತನ್ನ ಹೆಸರನ್ನೂ ಅಕ್ಷರ ಅಕ್ಷರವಾಗಿ ಓದಿಕೊಂಡ. ಇನ್ನೊಮ್ಮೆ ಓದಿದ.

ಒಲೆಯ ಮುಂದಿನಿಂದ ಎದ್ದುಬಂದ ಅವ್ವ ಕೈ ಚಾಚಿದಳು. "ನೋಡಿದ್ದಾಯ್ತಲ್ಲ, ಇತ್ಲಾಗ್ ಕೊಡಿ. ಯಾರಾದ್ರೂ ಬಂದು ಜೋರಾಗಿ ಕೇಳಿದ್ರೆ ಇದನ್ನೂ ಕೊಟ್ಟು ಕಳಿಸ್ಬುಡ್ತೀರ."