ಬಚ್ಚಲೊಲೆಯ ಬೆಕ್ಕು

ನೋಡಿ ಗೆಳತಿಯರೇ, ಇವತ್ತು ಬೆಳಿಗ್ಗೆ ನಮ್ಮ ರಾಜಾಜಿನಗರದ ಮನೆಯಲ್ಲಿ ನಡೆದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಧನುರ್ಮಾಸದ ಈ ಚಳಿಗೆ ನಮ್ಮ ಬೆಕ್ಕು ಕರಿಯ, ಬಚ್ಚಲೊಲೆಯ ಬೆಚ್ಚನೆಯ ಬೂದಿಯಲ್ಲೇ ಮಲಗುವುದು. ಒಲೆ ಹೊತ್ತಿಸುವ ಮೊದಲು ಹಂಡೆಯನ್ನು ಸೌದೆಯಿಂದ ತಟ್ಟಿ ಅವನನ್ನು ಎಬ್ಬಿಸುವುದು ನನ್ನ ರೂಢಿ. ಕೆಂಗೇರಿಯಿಂದ ನಿನ್ನೆ ಬಂದ ಚಿಕ್ಕಮಾವನಿಗೆ ಅದು ಹೇಗೆ ಗೊತ್ತಾಗಬೇಕು? ಸೊಸೆಗೆ ಸಹಾಯವಾಗಲಿ ಎಂದು ನನಗಿಂತ ಮೊದಲೇ ಎದ್ದು, ತೆಂಗಿನ ಗರಿ ತುರುಕಿ ಬೆಂಕಿ ಹಚ್ಚಿಬಿಟ್ಟರು.

ಕಿರುಚಿಕೊಂಡು ಹೊರಬಿದ್ದ ಕರಿಯನ ಬೆನ್ನು ಹೊಗೆಯಾಡುತ್ತಿತ್ತು. ಹಿತ್ತಲ ಗೋಡೆ ಹಾರಿ ಮಂಜಿನಲ್ಲಿ ಮರೆಯಾದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಕಲು ಹೊರಟೆ. ತಣ್ಣೀರಲ್ಲೇ ಮಿಂದು ಮಡಿಯುಟ್ಟಿದ್ದ ಅತ್ತೆ ದೂರದಿಂದಲೇ ತಡೆದರು.

"ಎಲ್ಲಿಗೇ ಹೊರಟೆ? ಅದು ಸತ್ತು ಬಿದ್ದಿರೋದನ್ನ ನೋಡಿದ್ರೆ ಬೆಕ್ಕು ಕೊಂದ ಪಾಪ ನಮ್ಮ ತಲೆಗೆ ಬರುತ್ತೆ. ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡ್ಬೇಕು, ಗೊತ್ತಾ?"

"ಬದುಕಿದ್ರೆ ಎಣ್ಣೆನಾದ್ರೂ ಹಚ್ತೀನಿ ಅತ್ತೆ."

"ಬದುಕಿದ್ರೆ ತಾನೇ ಬರುತ್ತೆ, ಬಿಡು. ನೋಡ್ದೇ ಇದ್ರೆ ಪಾಪ ಇಲ್ಲ."

"ನಂಗೆ ಗೊತ್ತಿರ್ಲಿಲ್ಲ ಕಣಮ್ಮ" ಎಂದು ಚಿಕ್ಕಮಾವ ಒಲೆಯನ್ನೇ ನೋಡುತ್ತಾ ಕೂತರು. ನೀರು ಕಾದಿತ್ತು. ಉಳಿದವರ ಸ್ನಾನ, ಪೂಜೆ, ಹುಗ್ಗಿಯ ನೈವೇದ್ಯ ಹೊತ್ತಿಗೆ ಸರಿಯಾಗಿ ಮುಗಿಯಿತು.

ಈಗ ಸಂಜೆ. ಮತ್ತೆ ಚಳಿ ಇಳಿಯುತ್ತಿದೆ. ಕರಿಯನ ಚಿಪ್ಪಿನಲ್ಲಿ ಹಾಲು ಕೆನೆಗಟ್ಟಿದೆ. ನಾನೆಲ್ಲಿ ಹೋಗಿ ನೋಡಿಬಿಡುತ್ತೇನೋ ಎಂದು ಅತ್ತೆ ಹಿತ್ತಲ ಬಾಗಿಲಿಗೆ ಅಗಳಿ ಹಾಕಿ, ಅದರ ಮುಂದೆಯೇ ಜಪಕ್ಕೆ ಕೂತಿದ್ದಾರೆ. ಪಾಪವೇನೋ ಒಳಗೆ ಬರುವುದಿಲ್ಲ, ಸರಿ. ಬದುಕಿದ್ದರೆ ತಾನೇ ಬರಬೇಕಾದ ಬೆಕ್ಕು ಯಾವ ಬಾಗಿಲಿಂದ ಬರಬೇಕು?