ಮಗುವನ್ನು ಅಳಿಸಿದವರಿಗೆ ಏಟು

ಹೊಸಿಲಿಗೆ ಪೊರಕೆಯಲ್ಲಿ ಹೊಡೆಯುವ ಹೆಂಗಸೆಂದು ನಾನು ಕಂಡದ್ದು ಒಬ್ಬಳನ್ನೇ, ನನ್ನ ತಾಯಿಯ ಅಕ್ಕ ಜಯಮ್ಮನನ್ನು. ಎಡವಿ ಬಿದ್ದ ಮಗುವನ್ನು ರಮಿಸಲು ನೆಲಕ್ಕೆ ಮೆಲ್ಲಗೆ ತಟ್ಟುವುದು ಎಲ್ಲ ಮನೆಗಳಲ್ಲೂ ಉಂಟು. ದೊಡ್ಡವ್ವನಿಗೆ ತಟ್ಟುವುದು ಗೊತ್ತಿರಲಿಲ್ಲ. ಮಗು ಸುಮ್ಮನಾಗುವವರೆಗೂ ಬಾರಿಸುತ್ತಿದ್ದಳು. ಮಂಚದ ಕಾಲು, ಕುಕ್ಕರ್, ಗ್ಯಾಸ್ ಸಿಲಿಂಡರ್, ಯಾವುದಕ್ಕೂ ರಿಯಾಯಿತಿಯಿಲ್ಲ. "ಯಾವನ್ಲಾ ನನ್ ಕಂದನ್ನ ಅಳ್ಸಿದ್ದು? ನೀನಾ? ತಕೋ."

ಪ್ರತಿ ದೀಪಾವಳಿಗೆ ನಾವು ಹಾಸನದಿಂದ ಹಳೇಕೋಟೆಯ ಅವಳ ಮನೆಗೆ ಹೋಗುತ್ತಿದ್ದೆವು. ಹೋದ ವರ್ಷ ಮೂರು ತುಂಬದ ಮಕ್ಕಳೇ ನಾಲ್ಕು ಸೇರಿದ್ದವು. ನನಗೆ ಬರೆದಿಡುವ ಅಭ್ಯಾಸ. ಮಗ ಹುಟ್ಟಿದಾಗಿನಿಂದ ಅವನ ಹಾಲು, ನಿದ್ದೆ, ಭೇದಿ ಎಲ್ಲವೂ ಡೈರಿಗೆ ಹೋಗುತ್ತಿದ್ದವು. ನಾವು ಅಲ್ಲಿ ಬಂದಿಳಿದ ದಿನದ ಪುಟದಲ್ಲಿ ಹೀಗಿದೆ: ಬಿದ್ದದ್ದು ಹನ್ನೊಂದು ಸಲ, ಒಬ್ಬರನ್ನೊಬ್ಬರು ಕಚ್ಚಿದ್ದು ನಾಲ್ಕು, ಕೂದಲು ಕಿತ್ತದ್ದು ಎರಡು. ದೊಡ್ಡವ್ವ ಕೊಟ್ಟ ಏಟು ಮೂವತ್ನಾಲ್ಕು, ಎಲ್ಲ ಜೀವವಿಲ್ಲದವಕ್ಕೆ.

"ಅದೇನೇ ಒಂದೇ ಸಮ್ನೆ ಬರ್ಕೋತಿದ್ದೀಯಾ?"

"ನೀನು ಹೊಡೆದ ಲೆಕ್ಕ ದೊಡ್ಡವ್ವ."

"ಬರ್ಕೋ, ಬರ್ಕೋ. ಒಸ್ಲು ಓಗಿ ಪೋಲೀಸ್ನೋರ್ಗೆ ಕಂಪ್ಲೇಂಟ್ ಕೊಟ್ರೆ ಬೇಕಾಯ್ತದೆ."

ಮಾರನೆಯ ದಿನ ನೀರು ತುಂಬುವ ಹಬ್ಬ. ಬೆಳಿಗ್ಗೆ ಅವಳ ಮಗ ಮಂಜಣ್ಣ ಅಂಗಳದಲ್ಲಿ ಬಾಂಬು ಹಚ್ಚಿದ. ನಾಲ್ಕೂ ಮಕ್ಕಳು ಕಿರುಚಿದವು. ಅವನದೇ ಮಗಳು, ಎರಡೂವರೆ ವರ್ಷದ ಪುಟ್ಟಿ, ಏನು ಮಾಡಿದರೂ ನಿಲ್ಲಿಸಲಿಲ್ಲ. "ಬಾಯ್ ಮುಚ್ಚು" ಎಂದು ಮಂಜಣ್ಣ ಕೆನ್ನೆಗೆ ಬಿಟ್ಟ. ಮಗು ಉರುಳಿಬಿತ್ತು. ತುಟಿ ಒಡೆದು ಲಂಗದ ಮೇಲೆಲ್ಲ ರಕ್ತ. ಬಿದ್ದಲ್ಲೇ ಅವಳು ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದ ಬಗೆ ನೋಡಿದಾಗ, ಇದು ಮೊದಲ ಸಲವಲ್ಲವೆಂದು ಗೊತ್ತಾಯಿತು.

ದೊಡ್ಡವ್ವನ ಕೈಯಲ್ಲಿ ಹಂಡೆ ಒಲೆಗೆ ತಂದ ಸೌದೆಯಿತ್ತು. ಮಗನ ಬೆನ್ನು, ತೋಳು, ಮಂಡಿ ಎನ್ನದೆ ಬಡಿದಳು.

"ಸಾಕು ಬುಡವ್ವ."

"ಅದು ಸುಮ್ಕಾಗ್ಲಿ, ಬುಡ್ತೀನಿ."

ಅವಳ ಕಾಯಿದೆ ಅಷ್ಟೇ. ಆದರೆ ಪುಟ್ಟಿ ಸುಮ್ಮನಾಗಲಿಲ್ಲ. ಮಂಜಣ್ಣನ ಹುಬ್ಬು ಒಡೆಯಿತು. "ಅಪ್ಪಂಗೆ ಬ್ಯಾಡ, ಬ್ಯಾಡ" ಎಂದು ಅವಳ ಅಳು ಏಟಿನೊಂದಿಗೇ ಏರುತ್ತಿತ್ತು.

ಸೌದೆ ನಿಂತಿತು. "ಈಗ ಅಳುಸ್ತಿರೋದು ನಾನಾ?" ಎಂದಳು ದೊಡ್ಡವ್ವ. ಅವಳು ನೇರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗಿ, ತನ್ನ ಬಲಗೈಯನ್ನು ಅದಕ್ಕೆ ಬಡಿದಳು. ಬಳೆ ಚೂರಾದವು. ಮತ್ತೆ ಬಡಿದಳು. ಮೂರನೆಯದಾದ ಮೇಲೆ ಮಂಜಣ್ಣ ಕುಂಟಿಕೊಂಡು ಓಡಿ ಆ ಕೈಯನ್ನು ತಬ್ಬಿ ಹಿಡಿದ. ಪುಟ್ಟಿ ಬಿಕ್ಕುತ್ತ ಬಂದು, ಒಡೆದ ತುಟಿಯಲ್ಲೇ ಅಜ್ಜಿಯ ಬೆರಳುಗಳನ್ನು ಊದಿದಳು. ಅಳು ಆಗ ನಿಂತಿತು.

ಎರಡು ಬೆರಳು ಮುರಿದಿದ್ದವು. ಹೊಳೇನರಸೀಪುರಕ್ಕೆ ಹೋಗಿ ಪಟ್ಟಿ ಹಾಕಿಸಿದೆವು. ನರಕ ಚತುರ್ದಶಿಯ ದಿನ ಮಕ್ಕಳಿಗೆ ಎಣ್ಣೆ ನೀರು ಹಾಕುವ ಕೆಲಸ ಮಂಜಣ್ಣನ ಪಾಲಿಗೆ ಬಂತು. ದೊಡ್ಡವ್ವ ಜಗಲಿಯಿಂದಲೇ ಕಲಿಸುತ್ತಿದ್ದಳು: "ಮೆಲ್ಲುಕೆ ಕಣ್ಲಾ. ಎಮ್ಮೆ ತೊಳ್ದಂಗೆ ತೊಳೀಬ್ಯಾಡ."

ಅವನು ಚೊಂಬು ಎತ್ತಿದೊಡನೆ ಪುಟ್ಟಿ ಮತ್ತೆ ಮುಖಕ್ಕೆ ಕೈ ಅಡ್ಡ ಹಿಡಿದಳು. ಮಂಜಣ್ಣ ಚೊಂಬನ್ನು ಕೆಳಗಿಟ್ಟುಬಿಟ್ಟ.

"ನೋಡ್ದಾ? ನಿನ್ ಕೈ ಅಂದ್ರೆ ಅದ್ಕೆ ಏಟು ಅಂತ್ಲೇ ಗೊತ್ತು" ಎಂದಳು ದೊಡ್ಡವ್ವ. ಆಮೇಲೆ ದನಿ ಇಳಿಸಿ, "ನೀನೂ ಚಿಕ್ಕೋನಿದ್ದಾಗ ನನ್ ಕೈ ಕಂಡ್ರೆ ಅಂಗೇ ಇಡ್ಕೋತಿದ್ದೆ ಕಣ್ಲಾ" ಎಂದಳು. ಆ ದಿನ ಪುಟ್ಟಿಗೆ ನೀರು ಹಾಕಿದ್ದು ನಾನು.

ದೊಡ್ಡವ್ವನನ್ನು ನಾನು ಕಂಡದ್ದು ಅದೇ ಕೊನೆ. ಆಷಾಢದಲ್ಲಿ ತೀರಿಕೊಂಡಳು. ಈ ವರ್ಷ ಆ ಮನೆಯಲ್ಲಿ ಹಬ್ಬವಿಲ್ಲ. ಮಕ್ಕಳಿಗೆ ಎಣ್ಣೆ ನೀರು ಮಾತ್ರ ತಪ್ಪಿಸಬಾರದೆಂದು ಹೋದೆವು. ಪುಟ್ಟಿಯನ್ನು ಮಣೆಯ ಮೇಲೆ ಕೂರಿಸಿ, ಚೊಂಬಿಗೆ ಕೈ ಹಾಕುವ ಮೊದಲು ಮಂಜಣ್ಣ ಕೇಳಿದ:

"ಉಯ್ಯಲೇನವ್ವ?"

ಅವಳು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದಳು.

"ಬೇಗ ಉಯ್ಯಿ. ಚಳಿ ಆಯ್ತದೆ."