ಕೊಂಜ ಮೆಲ್ಲಗೆ

ಸಿನಿಮಾ ನೋಡುವಾಗ ನಮ್ಮ ಮಾವನವರ ಬಲಗೈಯ ತೋರುಬೆರಳು ಮೂಗಿನ ಕೆಳಗೆ ಅಡ್ಡಲಾಗಿ ಕೂತಿರುತ್ತಿತ್ತು. ಸೀನು ತಡೆಯುವವರು ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಪರದೆಯ ಮೇಲೆ ಯಾರಾದರೂ ಅಳಲು ಶುರುಮಾಡಿದರೆ ಬೆರಳು ಒತ್ತತೊಡಗುತ್ತಿತ್ತು. ಅಳು ಜೋರಾದಷ್ಟೂ ಒತ್ತು ಹೆಚ್ಚಿ ಮೂಗಿನ ತುದಿ ಬೆಳ್ಳಗಾಗುತ್ತಿತ್ತು. ಕೊನೆಗೆ ನಾಲಗೆಯಿಂದ ‘ಚ್’ ಎಂಬ ಸಣ್ಣ ಸದ್ದು. ಆ ಸದ್ದು ಬಂತೆಂದರೆ ಆ ಸಿನಿಮಾಕ್ಕೆ ಮುಂದಿನ ಭಾನುವಾರದ ಪತ್ರಿಕೆಯಲ್ಲಿ ಮಂಗಳಾರತಿ ಖಂಡಿತ.

ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಆದರೆ ಜನ ಅವರನ್ನು ಗುರುತಿಸುತ್ತಿದ್ದದ್ದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಹೊರದೇಶದ ಸಿನಿಮಾಗಳ ಬಗ್ಗೆ ಬರೆಯುತ್ತಿದ್ದ ಅಂಕಣದಿಂದ. ತಾತನ ಕಾಲಕ್ಕೇ ಮೈಲಾಪೂರಿಗೆ ಬಂದು ನೆಲೆಸಿದ ಮಾಧ್ವರ ಮನೆ. ಮನೆಮಾತು ಕನ್ನಡವೇ, ಆದರೆ ಪ್ರತಿ ವಾಕ್ಯದಲ್ಲೂ ಎಲ್ಲೋ ಒಂದು ಕಡೆ ತಮಿಳು ಕಾಲು ಚಾಚಿಕೊಂಡಿರುತ್ತಿತ್ತು. ಅವರ ಬಾಯಲ್ಲಿ ಹೆಚ್ಚು ಬರುತ್ತಿದ್ದ ಮಾತೆಂದರೆ ‘ಮಿತ’. ಸಾರಿಗೆ ಇಂಗು ಮಿತವಾಗಿರಬೇಕು, ಫ್ಯಾನಿನ ಗಾಳಿ ಮಿತವಾಗಿರಬೇಕು, ನಗು ಮಿತವಾಗಿರಬೇಕು. “ಅಳೋದನ್ನ ನೋಡೋನಿಗೆ ಬಿಟ್ಟುಬಿಡ್ಬೇಕಮ್ಮ, ಆಕ್ಟರ್ ಅಳಕೂಡದು” ಎನ್ನುತ್ತಿದ್ದರು. ನಾನು ಮಾಡಿದ ಹುಳಿಯನ್ನೂ ಅವರು ವಿಮರ್ಶೆ ಮಾಡದೆ ಬಿಟ್ಟವರಲ್ಲ.

ನಾನು ಮದ್ದೂರಿನ ಕಡೆಯ ಹಳ್ಳಿಯವಳು. ಎಂ.ಕಾಂ. ಮುಗಿಸಿ ಅದೇ ನಗರದ ಪೋರೂರಿನ ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ಬಂದವಳು, ಅವರ ಮಗನನ್ನು ಮೆಚ್ಚಿ ಮದುವೆಯಾಗಿ ಆ ಮನೆ ಹೊಕ್ಕೆ. ಅತ್ತೆ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ನಮ್ಮ ಜನ ಗಟ್ಟಿ ದನಿಯವರು. ಮದುವೆಯ ದಿನ ನಮ್ಮಪ್ಪ ಮಾತಾಡಿದ್ದು ಕೇಳಿ ಛತ್ರದ ಅಡಿಗೆಯವರು ಜಗಳ ಹತ್ತಿಕೊಂಡಿತೆಂದು ಹೊರಗೆ ಓಡಿಬಂದಿದ್ದರು. ಮಾವನವರು ಜಾತಿಯ ಮಾತು ಒಂದು ದಿನವೂ ಎತ್ತಲಿಲ್ಲ, ಅದನ್ನು ನಾನು ಮರೆಯಬಾರದು. ಅವರಿಗೆ ಕಷ್ಟವಾಗಿದ್ದು ನಮ್ಮ ದನಿ ಮಾತ್ರ.

ನನ್ನ ಅವ್ವ ಹೋದ ಸುದ್ದಿ ಬಂದದ್ದು ಒಂದು ಬೆಳಗ್ಗೆ, ಫೋನಿನಲ್ಲಿ. ನಾನು ನಡುಮನೆಯಲ್ಲೇ ಕುಸಿದು ಕೂತು, ನಮ್ಮೂರಿನಲ್ಲಿ ಅಳುವ ಹಾಗೆ, ಅವ್ವನನ್ನು ಕೂಗಿ ಕರೆದು ಅತ್ತೆ. ಮಾವನವರು ಗಾಬರಿಯಿಂದ ಬಂದರು. ಮೊದಲು ಬೀದಿ ಕಡೆಯ ಕಿಟಕಿ ಮುಚ್ಚಿದರು. ಆಮೇಲೆ ನೀರು ತಂದುಕೊಟ್ಟು, “ಕೊಂಜ ಮೆಲ್ಲಗೆ ಅಮ್ಮ, ಪಕ್ಕದ ಮನೆಯವ್ರು ಏನೋ ಅಂದ್ಕೋತಾರೆ” ಎಂದರು. ಕೊಂಜ ಎಂದರೆ ಸ್ವಲ್ಪ, ತಮಿಳಿನಲ್ಲಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೇ ಇತ್ತು. ಆದರೂ ನನಗೆ ಅಳುವಿನ ನಡುವೆಯೇ ನಾಚಿಕೆ ಹತ್ತಿತು. ಅವತ್ತಿನಿಂದ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಕಲಿತೆ. ಬೇಸಿಗೆಯಲ್ಲಿ ಆ ಸೌಕರ್ಯವೂ ಇರಲಿಲ್ಲ. ನೀರಿನ ಲಾರಿ ಬರುವ ತನಕ ದುಃಖವನ್ನು ತಡೆದುಕೊಳ್ಳಬೇಕಾಗುತ್ತಿತ್ತು.

ಅದಾಗಿ ಕೆಲವು ವರ್ಷಕ್ಕೆ ನಗರದಲ್ಲಿ ಒಂದು ಚಿತ್ರೋತ್ಸವ ನಡೆಯಿತು. ಫಿಲಿಪ್ಪೀನ್ಸಿನ ಸಿನಿಮಾಗಳಿಗೇ ಒಂದು ಪೂರ್ತಿ ದಿನ ಮೀಸಲು. ಯೂರೋಪಿನಿಂದ ಒಬ್ಬ ವಿಮರ್ಶಕರು ಅತಿಥಿಯಾಗಿ ಬಂದಿದ್ದರು. ಮಾವನವರು ಅವರ ಬರಹಗಳನ್ನು ಹರೆಯದಿಂದ ಓದಿಕೊಂಡು ಬಂದವರು. ಅವರ ಪಕ್ಕದ ಸೀಟೇ ಸಿಕ್ಕಿದ್ದಕ್ಕೆ ಎರಡು ದಿನ ಮೊದಲಿನಿಂದಲೇ ಹುಡುಗನ ಹಾಗೆ ಓಡಾಡುತ್ತಿದ್ದರು. ಆಗಷ್ಟೇ ಅವರ ಕಣ್ಣಿನ ಪೊರೆ ತೆಗೆಸಿದ್ದೆವು. ನನ್ನ ಗಂಡ ಊರಲ್ಲಿರಲಿಲ್ಲ. ಹಾಗಾಗಿ ಅವರನ್ನು ಕೈಹಿಡಿದು ಕರೆದೊಯ್ಯಲು ನಾನು ರಜೆ ಹಾಕಿ ಹೋದೆ.

ಸಿನಿಮಾ ಹೀಗಿತ್ತು. ಯಾರದೋ ದೇಶದಲ್ಲಿ ಮನೆಗೆಲಸ ಮಾಡುವ ಒಬ್ಬ ಹೆಂಗಸಿಗೆ ಅಪ್ಪ ಸತ್ತ ಸುದ್ದಿ ಬರುತ್ತದೆ. ಅವಳು ಬಂದು ಮುಟ್ಟುವ ತನಕ ಮನೆಯವರು ಹೆಣ ಕಾಯುತ್ತಾರೆ, ದಿನಗಟ್ಟಲೆ. ಶವಪೆಟ್ಟಿಗೆಯ ಪಕ್ಕದಲ್ಲೇ ಇಸ್ಪೀಟು ಆಡುತ್ತಾರೆ, ಉಣ್ಣುತ್ತಾರೆ, ಹರಟೆ ಹೊಡೆದು ನಗುತ್ತಾರೆ. ಬಾಗಿಲಲ್ಲಿ ಹೊಸ ನೆಂಟರು ಕಾಣಿಸಿಕೊಂಡರೆ ಇಸ್ಪೀಟಿನ ಎಲೆ ಕೆಳಗಿಟ್ಟು ಎದ್ದುಹೋಗಿ ಅವರನ್ನು ತಬ್ಬಿಕೊಂಡು ಹೊಸದಾಗಿ ಗೋಳಾಡುತ್ತಾರೆ. ಕೊನೆಗೆ ಮಗಳು ಬರುತ್ತಾಳೆ. ಅಲ್ಲಿ ಹಿರಿಯರ ಕೈಯನ್ನು ಹಣೆಗೆ ಮುಟ್ಟಿಸಿಕೊಳ್ಳುವುದು ನಮಸ್ಕಾರದ ಕ್ರಮವಂತೆ. ಅವಳು ಸತ್ತ ಅಪ್ಪನ ತಣ್ಣನೆಯ ಕೈಯನ್ನು ಹಣೆಗೆ ಒತ್ತಿಕೊಂಡು, ಯಾಕೆ ನನ್ನನ್ನು ಕಳಿಸಿದೆ, ಯಾಕೆ ಕಾಯಲಿಲ್ಲ ಎಂದು ಕೂಗಾಡುತ್ತಾಳೆ. ಆ ಕೂಗಾಟ ಮುಗಿಯುವುದೇ ಇಲ್ಲ.

ಅವ್ವನ ಮುಖ ನೋಡಲು ನಾನೂ ತಡವಾಗಿ ಹೋದವಳು. ನನಗೆ ತಡೆಯಲಾಗಲಿಲ್ಲ. ಕತ್ತಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡರೂ ಅಳು ಹೊರಗೆ ಬಂದುಬಿಟ್ಟಿತು. ಅದೇ ಹೊತ್ತಿಗೆ ಮಾವನವರ ಪಕ್ಕದಲ್ಲಿದ್ದ ಅತಿಥಿ ವಿಮರ್ಶಕರು ಮೂಗಿನಲ್ಲೇ ನಕ್ಕರು. ಮಾವನವರು ಅವರ ಮುಖ ನೋಡಿದರು. ಬೆರಳು ಮೂಗಿನ ಕೆಳಗೆ ಒತ್ತಿಯೇ ಇತ್ತು. ಆಮೇಲೆ ಅವರೂ ನಕ್ಕರು.

ದೀಪ ಹತ್ತಿದಾಗ ನನ್ನ ಮೂಗು, ಕಣ್ಣು ಎಲ್ಲ ಸುರಿಯುತ್ತಿತ್ತು. ಅತಿಥಿಗಳು ನನ್ನ ಕಡೆ ನೋಡಿ, “ಇವರು ನಿಮ್ಮ ಜೊತೆಯವರೇ?” ಎಂದು ಮಾವನವರನ್ನು ಇಂಗ್ಲಿಷಿನಲ್ಲಿ ಕೇಳಿದರು. ಮಾವನವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ, “ನನ್ನನ್ನು ನೋಡಿಕೊಳ್ಳುವ ಹೆಂಗಸು, ಕಣ್ಣಿನ ಆಪರೇಷನ್ ಆಗಿದೆಯಲ್ಲ” ಎಂದರು, ಇಂಗ್ಲಿಷಿನಲ್ಲೇ.

ಕಾಫಿಯ ಹೊತ್ತಿನಲ್ಲಿ ನಾನು ಅವರ ಕೈಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದೆ. ನೋಡಿಕೊಳ್ಳುವ ಹೆಂಗಸು ನಿಲ್ಲುವ ಜಾಗದಲ್ಲೇ ನಿಂತಿದ್ದೆ. ಅತಿಥಿಗಳು ವಿವರಿಸುತ್ತಿದ್ದರು: ಈ ನಿರ್ದೇಶಕನಿಗೆ ಹಿಡಿತವಿಲ್ಲ. ಹೆಣದ ಮುಂದೆ ಇಸ್ಪೀಟು ಎಂದರೆ ಪ್ರಹಸನ, ಮರುಕ್ಷಣವೇ ಚೀರಾಟ. ಪ್ರೇಕ್ಷಕ ನಗಬೇಕೋ ಅಳಬೇಕೋ? ಅಳು ಸ್ವಿಚ್ಚು ಒತ್ತಿದ ಹಾಗೆ ಬರುತ್ತದೆ, ನಿಲ್ಲುತ್ತದೆ. ನಿಜವಾದ ದುಃಖಕ್ಕೆ ಮಾತಿರುವುದಿಲ್ಲ. ಮಾವನವರು ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಆ ಮಾತುಗಳಲ್ಲಿ ಅರ್ಧ ಅವರೇ ನಮ್ಮ ಮನೆಯ ಊಟದ ಮೇಜಿನ ಮುಂದೆ ಆಡಿದ್ದವು.

ಮರುದಿನ ಬೆಳಗ್ಗೆ ಕಾಫಿಯ ಲೋಟ ಕೈಗೆ ಕೊಟ್ಟೆ. ಅವರು ಕುಡಿಯದೆ ಹಿಡಿದುಕೊಂಡೇ ಕೂತಿದ್ದರು.

“ನಿಮ್ಮ ಕಡೆ ಸಾವಿನ ಮನೇಲಿ ಇಸ್ಪೀಟು ಆಡ್ತಾರೇನಮ್ಮ?”

“ಇಸ್ಪೀಟು ಆಡಲ್ಲ ಮಾವ. ಎಲೆಅಡಿಕೆ ಹಾಕ್ಕೊಂಡು ಕಬ್ಬಿನ ರೇಟು ಮಾತಾಡ್ತಾರೆ. ನಗ್ತಾರೂವೆ. ನೆಂಟ್ರು ಬಂದ್ರೆ ಹೆಂಗಸ್ರೆಲ್ಲ ಎದ್ದುಹೋಗಿ ಕುತ್ತಿಗೆ ತಬ್ಕೊಂಡು ಮತ್ತೆ ಅಳ್ತಾರೆ.”

“ಆಗ್ಲೇ ಅತ್ತಾಗಿರತ್ತಲ್ಲ, ಮತ್ತೆ ಯಾಕೆ?”

“ಬಂದೋರು ಒಬ್ರೇ ಅಳ್ಬಾರ್ದಲ್ಲ ಮಾವ.”

ಅವರು ಲೋಟ ಕೆಳಗಿಟ್ಟರು. ಬೀದಿ ಕಡೆಯ ಕಿಟಕಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, “ನೆನ್ನೆ ನಾನು ಸಿನಿಮಾ ನೋಡಲೇ ಇಲ್ಲಮ್ಮ. ಪಕ್ಕದವನ ಮುಖ ನೋಡಿ ನಕ್ಕೆ” ಎಂದರು. ಇನ್ನೇನೋ ಹೇಳಲು ಹೊರಟು, ಆರಿದ ಕಾಫಿಯ ಲೋಟವನ್ನೇ ಮತ್ತೆ ಎತ್ತಿಕೊಂಡರು. ನಾನೂ ಸಹಾಯ ಮಾಡಲಿಲ್ಲ. ನನಗೆ ಕೋಪವಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಊರು, ನನ್ನ ಮೂಗು, ನನ್ನ ಸೆರಗು ಎಲ್ಲದರ ಮೇಲೂ ನಾಚಿಕೆಯಿತ್ತು. ಹಾಗೆ ನಾಚಿಕೆಪಟ್ಟುಕೊಂಡಿದ್ದೇ ಈಗ ನಾಚಿಕೆಯೆನಿಸುತ್ತದೆ.

ಆ ಸಾಯಂಕಾಲ ಅವರು ಶರ್ಟು ಇಸ್ತ್ರಿ ಮಾಡಿಸಿಕೊಂಡು ನನ್ನನ್ನು ಮತ್ತೆ ಉತ್ಸವಕ್ಕೆ ಹೊರಡಿಸಿದರು. ಯಾಕೆಂದು ಹೇಳಲಿಲ್ಲ. ಅಲ್ಲಿ ಹೋಗಿ ವಿಚಾರಿಸಿದರೆ ಅತಿಥಿಗಳು ಮಧ್ಯಾಹ್ನವೇ ವಿಮಾನ ಹತ್ತಿದ್ದರು. ಮಾವನವರು ಮೆಟ್ಟಿಲ ಮೇಲೆ ನಿಂತು, ಟಿಕೆಟ್ಟು ಹರಿಯುವ ಮುದುಕನಿಗೆ, “ಇವಳು ಎನ್ ಮರುಮಗಳ್” ಎಂದು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ನನ್ನನ್ನು ಪರಿಚಯಿಸಿದರು. ನನ್ನ ಸೊಸೆ, ಎಂದು. ಆತ ಗಾಬರಿಯಿಂದ ಕೈಮುಗಿದ.

ಅಲ್ಲಿಂದಾಚೆಗೆ ಅದೊಂದು ವ್ರತವಾಯಿತು. ಆಟೋದವನಿಗೆ, ಔಷಧಿ ಅಂಗಡಿಯವನಿಗೆ, ಗ್ಯಾಸ್ ತರುವವನಿಗೆ, ಎಲ್ಲರಿಗೂ ನಾನು ಅವರ ಸೊಸೆ. ಗುಡಿಯ ಬೀದಿಯಲ್ಲಿ ಹೂ ಮಾರುವ ಹೆಂಗಸಿಗಂತೂ ವಾರವಾರವೂ ಪರಿಚಯ. “ತೆರಿಯುಂ ಸಾಮಿ, ಗೊತ್ತಿದೆ” ಎಂದು ಆಕೆ ನಗುತ್ತಿದ್ದಳು. ಅದರ ಹಿಂದಿನ ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಹೇಳಬೇಕಾಗಿದ್ದ ಒಬ್ಬರನ್ನು ಬಿಟ್ಟು ಅವರು ಇಡೀ ಮೈಲಾಪೂರಿಗೆ ಹೇಳಿದರು.

ಅಂಕಣದಲ್ಲಿ ಆ ಸಿನಿಮಾದ ಬಗ್ಗೆ ಬರೆಯುತ್ತ, ಬೇರೆಯವರ ಅಳತೆಕೋಲು ತಂದು ಇವರ ಮನೆಯ ಬಾಗಿಲು ಅಳೆದೆವು, ಅಳೆದವರಲ್ಲಿ ನಾನೂ ಒಬ್ಬ ಎಂದರು. ಹಳೆಯ ಗೆಳೆಯರು ಮಾವನವರಿಗೆ ವಯಸ್ಸಾಯಿತು ಎಂದು ಆಡಿಕೊಂಡರು. ಭಾನುವಾರ ಮಧ್ಯಾಹ್ನ ನನ್ನ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಫಿಲಿಪಿನೋ ಸಿನಿಮಾ ನೋಡುವ ಅಭ್ಯಾಸ ಶುರುವಾಯಿತು. ತಾಯಿ ಮಗಳ ಕೆನ್ನೆಗೆ ಹೊಡೆದರೆ, ಮಗ ಮೊಣಕಾಲೂರಿದರೆ, ನಿಲ್ಲಿಸಲು ಹೇಳಿ, “ಇದು ನಿಮ್ಮ ಕಡೆ ಉಂಟಾ?” ಎಂದು ಕೇಳುವರು. ಮೊದಮೊದಲು ಉತ್ತರ ಕೊಟ್ಟೆ. ಒಂದು ದಿನ ರೇಗಿಹೋಯಿತು. “ಎಲ್ಲವೂ ನಮ್ಮ ಕಡೆ ಇರಲ್ಲ ಮಾವ. ಅವರು ಮದ್ದೂರಿನವರಲ್ಲ. ಅವರ ಊರಲ್ಲಿ ಹೀಗೆ ಅಂತ ಇಟ್ಕೊಳ್ಳಿ” ಎಂದೆ. ಅವರು ಮೂಗಿನ ಕೆಳಗಿನ ಬೆರಳು ತೆಗೆದು ನನ್ನನ್ನು ನೋಡಿ, “ಸರಿಯಾಗಿ ಹೇಳ್ದೆ” ಎಂದು ನಕ್ಕರು. ಆ ನಗು ಅಷ್ಟೇನೂ ಮಿತವಾಗಿರಲಿಲ್ಲ.

ಹೋದ ವರ್ಷ ಅವರ ಮೂತ್ರಪಿಂಡ ಕೈಕೊಟ್ಟಿತು. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಸೇರಿಸಿದೆವು. ಊಟದ ಬಿಡುವಿನಲ್ಲಿ ಮೇಲೆ ಹೋಗಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವರು, “ನಾನು ಹೋದಮೇಲೆ ನೀನು ಅಳಬೇಕು ಮಾ. ನಿಮ್ಮೂರ ಹಾಗೆ, ಜೋರಾಗಿ” ಎಂದರು.

“ಏನು ಮಾತು ಅಂತ ಆಡ್ತೀರಿ ಮಾವ?”

“ನಮ್ಮನೇಲಿ ಯಾರಿಗೂ ಬರೋದಿಲ್ಲ. ನಿಂಗೆ ಬರತ್ತೆ. ಕಿಟಕಿ ತೆಗೆದು ಅಳು. ಅವತ್ತು ನಾನು ಮುಚ್ಚಿದೆನಲ್ಲ.”

ಇಷ್ಟು ವರ್ಷ ಅದು ಅವರ ನೆನಪಿನಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಹೂಂ ಎಂದೆ.

ಅವರು ಹೋದರು. ಅವರನ್ನು ಮಲಗಿಸಿದ ಫ್ರೀಜರ್ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟರು, ಅವ್ವನಿಗಾಗಿ ನಾನು ಅತ್ತ ಜಾಗದಲ್ಲೇ. ನಾನು ಬೀದಿ ಕಡೆಯ ಕಿಟಕಿ ತೆಗೆದೆ. ನೆಂಟರು ಒಬ್ಬೊಬ್ಬರಾಗಿ ಬಂದು, ಕೈಮುಗಿದು, ಗೋಡೆ ಪಕ್ಕ ನಿಂತರು. ನನ್ನ ಗಂಡ ಒದ್ದೆ ಪಂಚೆಯಲ್ಲಿ ತುಟಿ ಕಚ್ಚಿಕೊಂಡು ಓಡಾಡುತ್ತಿದ್ದರು. ಅಳು ಬರುತ್ತದೆಂದು ನಾನು ಕಾದೆ. ಎದೆಯಲ್ಲಿ ಬೆಟ್ಟದಷ್ಟು ಇತ್ತು. ಗಂಟಲಿಗೆ ಬಂದರೆ ಸದ್ದಿಲ್ಲ. ನಲ್ಲಿಯ ಸದ್ದಿಲ್ಲದೆ ಅಳುವುದು ನನಗೆ ಮರೆತೇ ಹೋಗಿತ್ತು. ಪಕ್ಕದಲ್ಲಿದ್ದ, ಗಂಡನ ಕಡೆಯ ಅತ್ತಿಗೆಯೊಬ್ಬರು, “ಎಷ್ಟು ಧೈರ್ಯವಾಗಿದಾಳೆ ನೋಡಿ” ಎಂದು ಯಾರಿಗೋ ಹೇಳಿದರು.

ಅಷ್ಟರಲ್ಲಿ ಊರಿನಿಂದ ನನ್ನ ಅಕ್ಕ ಬಂದಳು. ಮಾವನವರನ್ನು ಅವಳು ನೋಡಿದ್ದೇ ಅಪರೂಪ. ಆದರೂ ಬಾಗಿಲಲ್ಲೇ ಚೀಲ ಎಸೆದು, “ಅಯ್ಯೋ ಯಜಮಾನ್ರೇ, ನಮ್ ಹುಡ್ಗೀನ ಮಗ್ಳಂಗೆ ಸಾಕ್ದೋರು ಎದ್ದೋದ್ರಲ್ಲ” ಎಂದು ದನಿ ತೆಗೆದು ಅಳತೊಡಗಿದಳು. ಎರಡೂ ಕೈ ಚಾಚಿ ನನ್ನ ಕಡೆ ನೋಡಿದಳು. ನಾನು ಎದ್ದುಹೋಗಿ ಅವಳ ಕುತ್ತಿಗೆ ತಬ್ಬಬೇಕು, ಇಬ್ಬರೂ ಕೂಡಿ ಅಳಬೇಕು. ಮಾವನವರು ಕೇಳಿದ್ದೂ ಇಷ್ಟನ್ನೇ.

ಗೋಡೆ ಪಕ್ಕದವರೆಲ್ಲ ತಿರುಗಿ ನೋಡಿದರು. ನಾನು ಎದ್ದೆ. ಅವಳ ಹತ್ತಿರ ಹೋದೆ. ಅವಳ ಚಾಚಿದ ಕೈಗಳನ್ನು ಕೆಳಗಿಳಿಸಿ ಹಿಡಿದುಕೊಂಡು, “ಕೊಂಜ ಮೆಲ್ಲಗೆ ಅಕ್ಕ” ಎಂದೆ.

ಅವಳಿಗೆ ಆ ತಮಿಳು ಮಾತು ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬಳೇ ಮೂಲೆಯಲ್ಲಿ ಕೂತಳು. ಪೆಟ್ಟಿಗೆ ಎತ್ತುವ ತನಕ ಅಲ್ಲೇ ಕೂತಿದ್ದಳು.

ಮರುದಿನ ಅವಳನ್ನು ರೈಲು ಹತ್ತಿಸಲು ಹೋದೆ. ದಾರಿಯುದ್ದಕ್ಕೂ ಅವಳು ಏನನ್ನೋ ಕೇಳಬೇಕೆಂದು ಒದ್ದಾಡುತ್ತಿದ್ದಳು. ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಕೈಹಿಡಿದು, “ಬೇಜಾರ್ ಮಾಡ್ಕೋಬ್ಯಾಡ ಕಣವ್ವ. ನಿಮ್ಮಾವ ಒಳ್ಳೇರಲ್ವಾ? ಅಷ್ಟೊಂದ್ ಜನದಾಗೆ ಒಬ್ರೂ ಅಳ್ನಿಲ್ವಲ್ಲ” ಎಂದಳು.

“ಬಹಳ ಒಳ್ಳೆಯವರು ಅಕ್ಕ” ಎಂದೆ. ಅದನ್ನೂ ಮೆಲ್ಲಗೇ ಹೇಳಿದೆ, ಪಕ್ಕದ ಬೆಂಚಿನವರಿಗೆ ಕೇಳಿಸೀತೇ ಎಂದು ಒಮ್ಮೆ ಆ ಕಡೆ ನೋಡಿಕೊಂಡು.